ಸಹಾಯ ಬೇಕು: ಅಮೆರಿಕದ ಹಿರಿಯ ಕಪ್ಪು ಮತ್ತು ಬಿಳಿ ಮಹಿಳೆಯರ ಆರೋಗ್ಯದ ಹೋಲಿಕೆ

ಎನ್‌ಹೇನ್ಸ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ) ಸಮೀಕ್ಷೆಯ 2015-16 ಮತ್ತು 2017-18ರ ದತ್ತಾಂಶ ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. 60 ದಾಟಿದ ಆಫ್ರಿಕನ್-ಅಮೆರಿಕನ್ ಮತ್ತು ಬಿಳಿಯ ಮಹಿಳೆಯರ ಬಿಪಿ, ತೂಕ, ವ್ಯಾಯಾಮ ಹೋಲಿಸಬೇಕಿದೆ.

ಇಲ್ಲಿವರೆಗಿನ ಕ್ರಮ ಹೀಗಿದೆ: ಪರೀಕ್ಷಾ ಕೇಂದ್ರದ 2 ವರ್ಷದ ತೂಕಾಂಕವನ್ನು (ಒಬ್ಬೊಬ್ಬರು ಜನಸಂಖ್ಯೆಯ ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆ ಎಂಬ ಸಂಖ್ಯೆ) 2ರಿಂದ ಭಾಗಿಸಿ ಎರಡು ಸುತ್ತು ಸೇರಿಸಿದ್ದು, 'ಆರ್' ತಂತ್ರಾಂಶದಲ್ಲಿ ಸರ್ವೇ ಡಿಸೈನ್ (ಸಮೀಕ್ಷೆಯ ಜನರನ್ನು ಆರಿಸಿದ ವಿಧಾನದ ವಿವರ) ಕಟ್ಟಿದ ಮೇಲೆಯೇ ಮಹಿಳೆಯರನ್ನು ಬೇರ್ಪಡಿಸಿದ್ದು. ಮೊದಲೇ ಸಾಲು ಅಳಿಸಿದರೆ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ತಪ್ಪಾಗುತ್ತದೆ. 2017-18ರಲ್ಲಿ ಬಿಪಿಗೆ ಪಾದರಸದ ಯಂತ್ರ, ಸ್ವಯಂಚಾಲಿತ ಯಂತ್ರ ಎರಡರ ಅಳತೆಯೂ ಇದೆ. ಹಳೆಯ ಸುತ್ತಿಗೆ ಹೊಂದಲೆಂದು ಪಾದರಸದ್ದನ್ನೇ ತೆಗೆದುಕೊಂಡಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರ ಮೇಲಿನ ಬಿಪಿ 120 ಇದ್ದರೂ ಅವರು ಅಧಿಕ ರಕ್ತದೊತ್ತಡದ ಲೆಕ್ಕಕ್ಕೇ ಸೇರಬೇಕು. ಇದನ್ನು ಬಿಟ್ಟರೆ ಚಿಕಿತ್ಸೆ ಪಡೆಯುತ್ತಿರುವ ಗುಂಪು ಸುಳ್ಳೇ ಆರೋಗ್ಯವಂತವಾಗಿ ಕಾಣುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ.

ವ್ಯಾಯಾಮದ ಪ್ರಶ್ನಾವಳಿ ಕೆಲಸದ ಶ್ರಮವನ್ನೂ ಎಣಿಸುತ್ತದೆ. ದಿನವಿಡೀ ಮನೆಗಳನ್ನು ಗುಡಿಸುವವಳೂ ಸಂಜೆ ವಾಕಿಂಗ್ ಹೋಗುವವಳೂ ಶಿಫಾರಸಾದ ವಾರಕ್ಕೆ 150 ನಿಮಿಷ ದಾಟುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ಬಿಡುವಿನ ವೇಳೆಯದ್ದನ್ನಷ್ಟೇ ಇಟ್ಟುಕೊಳ್ಳುವುದೇ, ಎರಡನ್ನೂ ಬೇರೆ ಬೇರೆ ತೋರಿಸುವುದೇ?

ಇನ್ನು ಆದಾಯ. ಲೆಕ್ಕದ ಮಾದರಿಗೆ (ಮಾಡೆಲ್) ಅದನ್ನು ಸೇರಿಸಿದರೆ ಗುಂಪುಗಳ ಅಂತರ ಕುಗ್ಗಬಹುದು. ಆದರೆ ಜನಾಂಗೀಯ ತಾರತಮ್ಯ ಆರೋಗ್ಯವನ್ನು ಮುಟ್ಟುವ ದಾರಿಗಳಲ್ಲಿ ಆದಾಯವೂ ಒಂದಲ್ಲವೇ? ಆದಾಯಕ್ಕೆ ಸರಿಹೊಂದಿಸಿದ್ದು, ಹೊಂದಿಸದ್ದು ಎರಡನ್ನೂ ಕೊಡುವುದು ವಾಸಿ ಅನಿಸುತ್ತದೆ. ಮೀಡಿಯೇಶನ್ ವಿಶ್ಲೇಷಣೆಯನ್ನು (ಅಂತರದಲ್ಲಿ ಎಷ್ಟು ಭಾಗ ಆದಾಯದಂಥ ದಾರಿಯಿಂದ ಬರುತ್ತದೆ ಎಂಬ ಲೆಕ್ಕ) ತೂಕಾಂಕದೊಂದಿಗೆ ಮಾಡಿದವರು ಕೋಡ್ ಹಂಚಿಕೊಂಡರೆ ಉಪಕಾರ.

ಅಂದಹಾಗೆ, 80 ದಾಟಿದವರೆಲ್ಲರ ವಯಸ್ಸೂ ಕಡತದಲ್ಲಿ 80 ಎಂದೇ ಇರುತ್ತದೆ. ಅದಕ್ಕೇ 60-69, 70-79, 80+ ಎಂದು ವಿಂಗಡಿಸಿದೆ.