ಬಾಲಿಯ ಬಾತೂರ್ ಬೆಟ್ಟಕ್ಕೆ ಸೂರ್ಯೋದಯದ ಟ್ರೆಕ್: ಕಟ್ ಕಟ್ ಅನ್ನುವ ಮೊಣಕಾಲಿಗೆ ಆಗುತ್ತಾ?

ತೊಗರಿ ಟೀಚರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಸರ್ಕಾರಿ ಶಾಲೆ ಟೀಚರ್. ವಯಸ್ಸು 49. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಮೇ ತಿಂಗಳಲ್ಲಿ ನನ್ನನ್ನು ಬಾಲಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಪಟ್ಟು ಹಿಡಿದಿದ್ದಾಳೆ. ಮೇ ತಿಂಗಳಲ್ಲಿ ಈ ಊರು ಬಿಟ್ಟು ಎಲ್ಲಿಗೆ ಕರೆದರೂ ನಾನು ತಯಾರು. ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಅವಳು ಬುಕ್ ಮಾಡಲು ಹೊರಟಿರುವ ಟ್ರೆಕ್ ಬಗ್ಗೆ. ಬಾತೂರ್ ಅಂತ ಬೆಟ್ಟ, 1,717 ಮೀಟರ್ ಎತ್ತರ, ಇನ್ನೂ ಆರದ ಜ್ವಾಲಾಮುಖಿಯಂತೆ. ರಾತ್ರಿ ಎರಡಕ್ಕೆ ಉಬುದ್‌ನ ಹೋಟೆಲಿಗೇ ಗಾಡಿ ಬರುತ್ತದೆ. ನಾಲ್ಕಕ್ಕೆ ಟಾರ್ಚ್ ಹಿಡಿದು ಹತ್ತಲು ಶುರು. ಆರರ ಹೊತ್ತಿಗೆ ಮೇಲೆ. ಅಲ್ಲಿ ಸೂರ್ಯೋದಯ, ಜ್ವಾಲಾಮುಖಿಯ ಬಿಸಿ ಆವಿಯಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಆರು ಜನರ ಸಣ್ಣ ಗುಂಪು, ಜೊತೆಗೆ ಅಲ್ಲಿಯವನೇ ಒಬ್ಬ ಗೈಡ್.

ನಾನು ದಿನಾ ಸಂಜೆ ಅಪ್ಪನ ಕೆರೆ ಸುತ್ತ ನಡೆಯುತ್ತೇನೆ. ದಣಿವೇನೂ ಆಗುವುದಿಲ್ಲ. ಆದರೆ ಅದು ಸಪಾಟು ನೆಲ ಅಲ್ವಾ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಕಟ್ ಕಟ್ ಅನ್ನುತ್ತದೆ. ನೋವು ಅಂತ ಹೇಳುವಷ್ಟಿಲ್ಲ, ಆದರೆ ನೆನಪು ಮಾಡಿಕೊಡುತ್ತದೆ.

ನಿಜ ಹೇಳಬೇಕೆಂದರೆ ನನ್ನ ಭಯ ಮೊಣಕಾಲಿನದ್ದೂ ಅಲ್ಲ. ಉಳಿದವರು ಯಾವುದೋ ದೇಶದ ಹುಡುಗ ಹುಡುಗಿಯರು. ಅವರೆಲ್ಲ ಕತ್ತಲಲ್ಲಿ ನನಗೋಸ್ಕರ ನಿಂತು ಕಾಯುವುದು, ನನ್ನಿಂದ ಅವರಿಗೆ ಸೂರ್ಯ ತಪ್ಪಿಹೋಗುವುದು ಬೇಡ. ಶಾಲೆ ಪ್ರವಾಸದಲ್ಲಿ ಹಿಂದೆ ಉಳಿದ ಮಕ್ಕಳಿಗೆ "ಬೇಗ ಬೇಗ ಬರ್ರೋ" ಅಂತ ಕೂಗುವವಳು ನಾನು. ಆ ಜಾಗದಲ್ಲಿ ನಾನೇ ನಿಲ್ಲಬೇಕಾ?

ಇನ್ನೊಂದು ಮಾತು. ನಾವು ಮೊಟ್ಟೆ ಮಾಂಸ ತಿನ್ನುವುದಿಲ್ಲ. ಬಾಲಿಯಲ್ಲಿ ಹಿಂದೂಗಳೇ ಜಾಸ್ತಿ, ಊಟಕ್ಕೆ ತೊಂದರೆಯಿಲ್ಲ ಅನ್ನುತ್ತಾಳೆ ಮಗಳು. ಹೋಗಿ ಬಂದವರು ಹೇಳಿ.

ಆಳಂದ ಎಕ್ಸ್‌ಪ್ರೆಸ್

ಮೇಡಂ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಈಜಿ ಇದೆ. ನಾವು ಗೆಳೆಯರು ಎಲ್ಲೂ ಕೂರದೆ ಹತ್ತಿಬಿಟ್ಟೆವು. ಚಪ್ಪಲಿ ಹಾಕಿಕೊಂಡು ಬಂದವರೂ ಇದ್ದರು. ಮೇಲಿನ ನೋಟ ಮಸ್ತ್. ಬುಕ್ ಮಾಡಿಬಿಡಿ.

ಬೀದರ್ ಸಿಸ್ಟರ್

ಅಕ್ಕೋರೆ, ಮೇಲಿನ ತಮ್ಮನ ಮಾತು ಕೇಳಿ ಚಪ್ಪಲಿಯಲ್ಲಿ ಹೋಗಬೇಡಿ. ಅವನ ಮೊಣಕಾಲಿಗೆ ಇನ್ನೂ ಇಪ್ಪತ್ತೈದು ಇರಬೇಕು.

ನಾನು ಬೀದರ್‌ನಲ್ಲಿ ನರ್ಸ್. ನಿಮಗಿಂತ ಎರಡು ವರ್ಷ ದೊಡ್ಡವಳು, ತೂಕದಲ್ಲೂ ದೊಡ್ಡವಳೇ ಇರಬೇಕು. ಕಳೆದ ವರ್ಷ ನಾದಿನಿ ಜೊತೆ ಇದೇ ಬೆಟ್ಟ ಹತ್ತಿ ಬಂದೆ. ನಿಮ್ಮಿಂದ ಆಗುತ್ತದೆ. ಆದರೆ ಯಾರ ಜೊತೆ ಹೋಗುತ್ತೀರಿ ಅನ್ನುವುದರ ಮೇಲೆ ಇದೆ.

ಮೊದಲು ಏರಿನ ಲೆಕ್ಕ. ಬುಡದಲ್ಲಿ ಬಾತೂರ್ ಕೆರೆ ಇದೆ. ಅದರ ನೀರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಹಾಗಾಗಿ ನೀವು ಕಾಲಿನಿಂದ ಹತ್ತುವುದು 1,717 ಅಲ್ಲ, ಏಳುನೂರು ಮೀಟರ್ ಒಳಗೆ. ಎರಡು ಗಂಟೆ ಕೊಟ್ಟಿರುತ್ತಾರೆ. ಶುರುವಿನಲ್ಲಿ ಗಿಡಮರಗಳ ನಡುವೆ ಆರಾಮದ ದಾರಿ. ಆಮೇಲೆ ಕಪ್ಪು ಬಂಡೆ, ಕೈ ಊರಿ ಹತ್ತುವ ಒಂದೆರಡು ಜಾಗ. ಕೊನೆಯ ಏರು ಮಾತ್ರ ಪೂರಾ ಬೂದಿ ಮತ್ತು ಸಣ್ಣ ಜಲ್ಲಿ. ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ.

ಹತ್ತುವುದು ಶ್ವಾಸದ ಕೆಲಸ. ನಿಂತು ಉಸಿರು ತಗೊಂಡರೆ ಮುಗಿಯಿತು. ಇಳಿಯುವುದು ಮೊಣಕಾಲಿನ ಕೆಲಸ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯ ಸ್ನಾಯು ತಡೆದು ಹಿಡಿಯಬೇಕು. ಅದು ಸೋತಾಗ ಭಾರ ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ರಸ್ತೆಗೆ ಹೊಸದಾಗಿ ಮುರಮು ಸುರಿದು ರೋಲರ್ ಹಾಯಿಸದೆ ಬಿಟ್ಟಿರುತ್ತಾರಲ್ಲ, ಅದರ ಮೇಲೆ ಇಳಿಜಾರಿನಲ್ಲಿ ಇಳಿದ ಹಾಗೆ ಇರುತ್ತದೆ ಅಲ್ಲಿ. ನಾದಿನಿ ಎರಡು ಸಲ ಕೂತೇಬಿಟ್ಟಳು. ಚೆನ್ನಾಗಿ ಹಿಡಿತ ಇರುವ ಬೂಟು, ಎರಡು ಕೈಗೂ ಕೋಲು, ಇವೆರಡು ಬೇಕೇ ಬೇಕು. ಕೋಲು ಬೇಕು ಅಂತ ಮೊದಲೇ ಹೇಳಿದರೆ ಕೆಲವರು ಬಾಡಿಗೆಗೆ ಕೊಡುತ್ತಾರೆ. ಸಣ್ಣ ಸಣ್ಣ ಹೆಜ್ಜೆ, ಪಾದ ಅಡ್ಡ ಇಟ್ಟು ಇಳಿಯಿರಿ.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ಗುಂಪು ಸಣ್ಣದಾ ದೊಡ್ಡದಾ ಅನ್ನುವುದಕ್ಕಿಂತ ಗೈಡ್ ಎಷ್ಟು ಜನ ಅಂತ ಕೇಳಿ. ಆರು ಜನಕ್ಕೆ ಒಬ್ಬನೇ ಗೈಡ್ ಅಂದರೆ ಒಬ್ಬರು ನಿಧಾನವಾದರೂ ಆರೂ ಜನ ನಿಲ್ಲಬೇಕು. ಒಬ್ಬರಿಗೆ ವಾಪಸ್ ಹೋಗಬೇಕು ಅನ್ನಿಸಿದರೆ ಇನ್ನೂ ಕಷ್ಟ. ಇಬ್ಬರಿದ್ದರೆ ಮುಂದಿನವನು ಹುಡುಗರನ್ನು ಕರೆದೊಯ್ಯುತ್ತಾನೆ, ಹಿಂದಿನವನು ನಿಮ್ಮ ಜೊತೆ ಬರುತ್ತಾನೆ. ನಮಗೆ ಬುಕ್ ಮಾಡಿಕೊಟ್ಟ ಏಜೆಂಟ್ ಆರು ಜನ ಅಂದಿದ್ದ. ಅಲ್ಲಿ ಹೋಗಿ ನೋಡಿದರೆ ಎರಡು ಗಾಡಿಯ ಮಂದಿಯನ್ನು ಸೇರಿಸಿ ಒಬ್ಬ ಹುಡುಗನ ಕೈಗೆ ಕೊಟ್ಟಿದ್ದರು. ನಾನು ಅಲ್ಲೇ ಜಗಳ ತೆಗೆದೆ, ಇನ್ನೊಬ್ಬ ಗೈಡ್ ಬಂದ. ವಾರ್ಡಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಪಳಗಿದೆ. ನಿಮ್ಮದೂ ಪಳಗಿರಬೇಕು. ದುಡ್ಡು ಸ್ವಲ್ಪ ಜಾಸ್ತಿಯಾದರೂ ತಾಯಿ ಮಗಳಿಬ್ಬರಿಗೇ ಒಬ್ಬ ಗೈಡ್ ತಗೊಳ್ಳಿ, ಅದು ನನ್ನ ಸಲಹೆ. ಆಗ ಅರ್ಧ ಗಂಟೆ ಮುಂಚೆಯೇ ಹೊರಡಬಹುದು.

ಗುಂಪಿನಲ್ಲೇ ಹೋಗುವುದಾದರೆ ಗೈಡ್ ಬೆನ್ನ ಹಿಂದೆಯೇ ನೀವು ನಡೆಯಿರಿ. ಎಲ್ಲರಿಗಿಂತ ಹಿಂದೆ ಇದ್ದರೆ ನೀವು ತಲುಪುವ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ, ಮತ್ತೆ ಹೊರಡುತ್ತಾರೆ. ನಿಮಗೆ ಕೂರಲು ಸಿಗುವುದೇ ಇಲ್ಲ.

ಗಡಿಯಾರದ ಮಾತೂ ಇದೆ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎರಡು ಅಂದರೆ ಕಲಬುರಗಿಯಲ್ಲಿ ಹನ್ನೊಂದೂವರೆ. ಹೋದ ಮರುದಿನವೇ ಟ್ರೆಕ್ ಇಟ್ಟುಕೊಂಡರೆ ಸಂಜೆ ಎಂಟಕ್ಕೆ ಮಲಗಬೇಕು, ಅದು ನಿಮ್ಮ ಮೈಗೆ ಐದೂವರೆ. ನಿದ್ದೆ ಎಲ್ಲಿ ಬರುತ್ತದೆ? ಮೂರು ನಾಲ್ಕು ದಿನ ಕಳೆದ ಮೇಲೆ ಇಟ್ಟುಕೊಳ್ಳಿ.

ಮೇಲೆ ಚಳಿ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಬೆವರಿದ ಬಟ್ಟೆಯಲ್ಲಿ ಗಾಳಿಗೆ ಕೂತರೆ ಹಲ್ಲು ಕಡಿಯುತ್ತದೆ. ಒಂದು ಒಣ ಅಂಗಿ, ಸ್ವೆಟರ್ ಚೀಲದಲ್ಲಿರಲಿ.

ಊಟ: ಹಿಂದೂಗಳು ಅಂದ ಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ. ಬಾಲಿಯಲ್ಲಿ ಹಬ್ಬದ ಊಟವೇ ಹಂದಿ ಮಾಂಸ. ಸಂಬಲ್ ಅಂತ ಖಾರದ ಚಟ್ನಿ ಕೊಡುತ್ತಾರೆ. ನೋಡಲು ನಮ್ಮ ಕೆಂಪು ಖಾರವೇ, ಆದರೆ ಬಹಳ ಕಡೆ ಅದರಲ್ಲಿ ಸಿಗಡಿ ಅರೆದು ಹಾಕಿರುತ್ತಾರೆ. ಆ ಅರೆದ ಸಿಗಡಿಗೆ ತೆರಾಸಿ ಅನ್ನುತ್ತಾರೆ, ಅದು ಇದೆಯಾ ಅಂತ ಕೇಳಿ. ಟೆಂಪೆ, ತಾಹು ಅಂದರೆ ಸೋಯಾದ್ದು, ಅವು ಆಗುತ್ತವೆ. ಗಾಡೋಗಾಡೋ ಅಂತ ಬೇಯಿಸಿದ ತರಕಾರಿಗೆ ಶೇಂಗಾ ಸಾರು ಹಾಕಿ ಕೊಡುತ್ತಾರೆ. ಮೊಟ್ಟೆ, ಸಿಗಡಿ ಬೇಡ ಅಂತ ಹೇಳಿ ತಿನ್ನಿ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬೆಟ್ಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಮೇಲೆ ಮಂಗಗಳಿವೆ, ಡಬ್ಬಿ ತೆರೆಯುವ ಮುಂಚೆ ಸುತ್ತ ನೋಡಿ.

ಶಹಾಬಾದ್ ಫರ್ಸಿ

ನಾನು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೊಣಕಾಲಿನ ವಿಷಯ ಸಿಸ್ಟರ್ ಹೇಳಿದ್ದಾರೆ, ನಾನು ಕಲ್ಲಿನ ವಿಷಯ ಹೇಳುತ್ತೇನೆ. ಟೀಚರ್ ಅಲ್ವಾ, ಮಕ್ಕಳಿಗೆ ಹೇಳಲು ಉಪಯೋಗಕ್ಕೆ ಬರುತ್ತದೆ.

ಬಾತೂರ್ ಅಂದರೆ ಒಂದೇ ಬೆಟ್ಟ ಅಲ್ಲ. ಮೊದಲು ಅಲ್ಲಿ ಬಹಳ ದೊಡ್ಡ ಜ್ವಾಲಾಮುಖಿ ಇತ್ತು. ಸುಮಾರು 29 ಸಾವಿರ ವರ್ಷದ ಹಿಂದೆ ಒಳಗಿನದೆಲ್ಲ ಕಕ್ಕಿ ತಾನೇ ಕುಸಿಯಿತು. ಹಾಗೆ ಆದ ಕುಳಿ 10 ಕಿಲೋಮೀಟರಿಗಿಂತ ಅಗಲ ಇದೆ. ಕೆರೆ ಇರುವುದು ಅದರೊಳಗೆ. ಈಗ ನೀವು ಹತ್ತುವುದು ಆ ಕುಳಿಯೊಳಗೆ ಆಮೇಲೆ ಎದ್ದ ಮರಿ ಬೆಟ್ಟ. ಬೆಳಕಾದ ಮೇಲೆ ಪೂರ್ವಕ್ಕೆ ತಿರುಗಿ ನಿಂತರೆ ಕೆಳಗೆ ಕೆರೆ, ಆಚೆ ದಂಡೆಯಲ್ಲಿ ಅಬಾಂಗ್, ಬಲಕ್ಕೆ ಅದರ ಹಿಂದೆ 3,031 ಮೀಟರಿನ ಆಗುಂಗ್. ಆಕಾಶ ಸ್ವಚ್ಛವಾಗಿದ್ದರೆ ಸಮುದ್ರದ ಆಚೆ ಲೊಂಬೋಕ್ ದ್ವೀಪದ ರಿಂಜಾನಿಯೂ ಕಾಣುತ್ತದೆ. ಮಗಳು ಬುಕ್ ಮಾಡುವಾಗ ಹೆಸರು ಸರಿಯಾಗಿ ಓದಲಿ. ಆಗುಂಗ್ ಮತ್ತು ರಿಂಜಾನಿಗೂ ಸೂರ್ಯೋದಯದ ಟ್ರೆಕ್ ಅಂತಲೇ ಮಾರುತ್ತಾರೆ. ಅವು ಬೇರೆಯೇ ಲೆಕ್ಕ, ರಿಂಜಾನಿಗೆ ಬೆಟ್ಟದ ಮೇಲೆಯೇ ರಾತ್ರಿ ಕಳೆಯಬೇಕು.

1926ರಲ್ಲಿ ಬಾತೂರಿನ ಲಾವಾ ಬುಡದ ಹಳ್ಳಿಯನ್ನೂ ದೇವಸ್ಥಾನವನ್ನೂ ಮುಚ್ಚಿಹಾಕಿತು. ಜನ ಕುಳಿಯ ಅಂಚಿಗೆ ಹೋಗಿ ಊರು ಕಟ್ಟಿದರು, ದೇವಸ್ಥಾನವನ್ನೂ ಅಲ್ಲೇ ಕಟ್ಟಿದರು. ಕೊನೆಯ ಸಲ ಬಾತೂರ್ ಸಿಡಿದದ್ದು 2000ದಲ್ಲಿ.

ನಮ್ಮ ನೆಲವೂ ಲಾವಾದ್ದೇ. ಕಲಬುರಗಿಯ ಎರೆಮಣ್ಣು, ಅದರಲ್ಲಿ ಬೆಳೆಯುವ ತೊಗರಿ, ಎಲ್ಲಕ್ಕೂ ಮೂಲ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖನ್ ಲಾವಾ. (ನಿಮ್ಮ ಮನೆಯ ಫರ್ಸಿ ಮಾತ್ರ ಅಲ್ಲ. ಅದು ಸುಣ್ಣಕಲ್ಲು, ಲಾವಾಕ್ಕಿಂತ ಎಷ್ಟೋ ಹಳೆಯದು.) ನಮ್ಮದು ನೆಲದ ಬಿರುಕುಗಳಿಂದ ತೆಳುವಾಗಿ ಹರಿದು ಪದರ ಪದರವಾಗಿ ಹರಡಿತು. ಅದಕ್ಕೇ ನಮ್ಮೂರು ಸಪಾಟು, ಟ್ರೆಕ್ ಮಾಡಲು ಬೆಟ್ಟವಿಲ್ಲ. ಅಲ್ಲಿ ಹಾಗಲ್ಲ. ಸಮುದ್ರದ ತಳದ ಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ದ್ವೀಪದ ಕೆಳಗೆ ನುಗ್ಗುತ್ತದೆ, ಜೊತೆಗೆ ನೀರನ್ನೂ ಒಯ್ಯುತ್ತದೆ. ನೀರು ಸೇರಿದರೆ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಆ ಲಾವಾದಲ್ಲಿ ಅನಿಲ ಜಾಸ್ತಿ, ಸಿಡಿಯುತ್ತದೆ, ಗುಡ್ಡೆಯಾಗುತ್ತದೆ.

ಕೆಲಸದ ಮಾತು: ಇಂಡೋನೇಷ್ಯಾದಲ್ಲಿ ಪ್ರತಿ ಜ್ವಾಲಾಮುಖಿಗೂ 1ರಿಂದ 4ರ ತನಕ ಎಚ್ಚರಿಕೆಯ ಮಟ್ಟ ಇದೆ. ಹೊರಡುವ ಮುಂಚೆ ಬಾತೂರಿನದ್ದು ನೋಡಿಕೊಳ್ಳಿ. ಬೇರೆ ಜ್ವಾಲಾಮುಖಿಯ ಬೂದಿಯಿಂದಲೂ ವಿಮಾನ ನಿಲ್ಲುತ್ತವೆ. 2017ರಲ್ಲಿ ಆಗುಂಗ್‌ನಿಂದ ಬಾಲಿ ವಿಮಾನ ನಿಲ್ದಾಣವೇ ಮುಚ್ಚಿತ್ತು. ಶಾಲೆ ಶುರುವಾಗುವ ಹಿಂದಿನ ದಿನಕ್ಕೆ ವಾಪಸ್ ಟಿಕೆಟ್ ಇಟ್ಟುಕೊಳ್ಳಬೇಡಿ.

ಕೋಟೆ ಕೆಳಗಿನವ (ಯಾದಗಿರಿ)

ಅಕ್ಕಾ, ಅಭ್ಯಾಸಕ್ಕೆ ಭಾನುವಾರ ನಮ್ಮ ಯಾದಗಿರಿಗೆ ಬನ್ನಿ. ರೈಲಿಗೆ ಬಂದು ಕೋಟೆ ಬೆಟ್ಟ ಹತ್ತಿ ಇಳಿದು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು. ಬಾತೂರಿನಷ್ಟು ಎತ್ತರ ಇಲ್ಲ, ಆದರೆ ಎರಡು ಸಲ ಹತ್ತಿ ಇಳಿದರೆ ಕಾಲಿಗೆ ಗೊತ್ತಾಗುತ್ತದೆ. ಬಿಸಿಲು ಏರುವ ಮುಂಚೆ ಬನ್ನಿ, ಬಂಡೆ ಕಾದರೆ ನಿಲ್ಲಲು ಆಗುವುದಿಲ್ಲ. ನಡುವಿನ ದಿನಗಳಲ್ಲಿ ಶಾಲೆಯ ಮೆಟ್ಟಿಲು ಸಾಕು.

ಇನ್ನೊಂದು ಯೋಚನೆ. ದ್ವೀಪದ ಬೆಟ್ಟ, ಸೂರ್ಯೋದಯ ಇಷ್ಟೇ ಬೇಕಾದರೆ ಶ್ರೀಲಂಕಾದ ಶ್ರೀಪಾದ ಇದೆಯಲ್ಲ? 2,243 ಮೀಟರ್. ಡಿಸೆಂಬರಿನಿಂದ ಮೇ ಹುಣ್ಣಿಮೆವರೆಗೆ ಯಾತ್ರೆಯ ಕಾಲ. ದಾರಿಯುದ್ದಕ್ಕೂ ದೀಪ, ಚಹಾ ಅಂಗಡಿ, ಮುದುಕ ಮುದುಕಿಯರೂ ಹತ್ತುತ್ತಾರೆ. ಗೈಡ್ ಬೇಡ, ಯಾರೂ ನಿಮಗಾಗಿ ಕಾಯುವುದಿಲ್ಲ.

ಬೀದರ್ ಸಿಸ್ಟರ್

ತಮ್ಮಾ, ಶ್ರೀಪಾದ ಒಳ್ಳೆಯದೇ, ಆದರೆ ಅಲ್ಲಿ ಐದು ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಅಕ್ಕೋರ ಮೊಣಕಾಲು ಸದ್ದು ಮಾಡುವುದೇ ಮೆಟ್ಟಿಲು ಇಳಿಯುವಾಗ. ಅದು ಬೇಡ. ಯಾದಗಿರಿ ಮಾತ್ರ ಸರಿ ಹೇಳಿದೆ.

ತೊಗರಿ ಟೀಚರ್ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ಫರ್ಸಿ ಸರ್, ಎರೆಮಣ್ಣಿನ ಮಾತನ್ನು ಐದನೇ ಕ್ಲಾಸಿಗೆ ನಾಳೆಯೇ ಹೇಳುತ್ತೇನೆ. ಸಿಸ್ಟರ್, ನಿಮ್ಮ ಜಗಳದ ಭಾಗವನ್ನು ಮಗಳಿಗೆ ಓದಿ ಹೇಳಿದೆ. ಇಬ್ಬರಿಗೇ ಒಬ್ಬ ಗೈಡ್ ಅನ್ನುವುದಕ್ಕೆ ಒಪ್ಪಿದ್ದಾಳೆ. ಇನ್ನು ಎರಡೇ ಪ್ರಶ್ನೆ. ಅರ್ಧ ದಾರಿಯಲ್ಲಿ ಸಾಕು ಅನ್ನಿಸಿದರೆ ಏನು ಮಾಡುವುದು? ಮತ್ತೆ ರಾತ್ರಿ ಎರಡಕ್ಕೆ ಏಳುವುದನ್ನು ತಪ್ಪಿಸಲು ದಾರಿ ಇದೆಯಾ?

ಬೀದರ್ ಸಿಸ್ಟರ್

ಎರಡಕ್ಕೂ ದಾರಿ ಇದೆ. ತುದಿಗಿಂತ ಕೆಳಗೇ ಒಂದು ನೋಡುವ ಜಾಗ ಸಿಗುತ್ತದೆ. ಕೊನೆಯ ಜಲ್ಲಿಯ ಏರು ಬೇಡ ಅನ್ನಿಸಿದವರು ಅಲ್ಲೇ ಕೂತು ಸೂರ್ಯೋದಯ ನೋಡುತ್ತಾರೆ. ಕೆರೆ, ಆಗುಂಗ್ ಎಲ್ಲ ಅಲ್ಲಿಂದಲೂ ಕಾಣುತ್ತದೆ. "ಅಮ್ಮ ಇಲ್ಲಿ ಕೂರಬಹುದು, ಮಗಳು ಮೇಲೆ ಹೋಗಿ ಬರಬಹುದು" ಅಂತ ಗೈಡ್ ಜೊತೆ ಕೆಳಗೇ ಮಾತಾಡಿಕೊಳ್ಳಿ. ದಾರಿಯಲ್ಲಿ ಬೈಕಿನವರೂ ಬಂದು ಕೂರಿ ಕೂರಿ ಅನ್ನುತ್ತಾರೆ. ಹತ್ತುವಾಗ ಬೇಡ. ಇಳಿಯುವಾಗ ಮೊಣಕಾಲು ಹಿಡಿದುಕೊಂಡರೆ ಮರ್ಯಾದೆ ನೋಡದೆ ಕೂತುಬಿಡಿ, ಆದರೆ ರೇಟು ಮೊದಲು ಮಾತಾಡಿ.

ನಿದ್ದೆಗೆ: ಹಿಂದಿನ ರಾತ್ರಿ ಉಬುದ್ ಬಿಟ್ಟು ಕೆರೆ ದಂಡೆಯ ತೋಯಾ ಬುಂಗ್ಕಾ ಹಳ್ಳಿಯಲ್ಲೇ ಉಳಿಯಿರಿ. ಮೂರೂವರೆಗೆ ಎದ್ದರೂ ಸಾಕು. ಬಿಸಿನೀರಿನ ಬುಗ್ಗೆಗಳೂ ಅಲ್ಲೇ ಇವೆ, ಇಳಿದು ಬಂದು ಕಾಲು ಇಳಿಬಿಟ್ಟು ಕೂರಬಹುದು.

ಇನ್ನೊಂದು, ಬರೆಯುವುದು ಮರೆತೇಹೋಗಿತ್ತು. ನೀವು ಸರ್ಕಾರಿ ನೌಕರರು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಆ ಫೈಲು ಬಾತೂರಿಗಿಂತ ನಿಧಾನ ಹತ್ತುತ್ತದೆ, ಅರ್ಜಿ ಈ ವಾರವೇ ಕೊಡಿ.