ಮೂರು ಭಾಷೆಯ ಶಾಲಾ ವೆಬ್‌ಸೈಟ್: ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಯಾವುದು?

ಮಾಂಜ್ರಾ_ಬೀದರ್:
ನಮಸ್ಕಾರ. ಬೀದರ್‌ನ ಒಂದು ಶಿಕ್ಷಣ ಸಂಸ್ಥೆಯ ವೆಬ್‌ಸೈಟ್ ಹೊಸದಾಗಿ ಕಟ್ಟಬೇಕಿದೆ. ಕನ್ನಡ ಮಾಧ್ಯಮ, ಉರ್ದು ಮಾಧ್ಯಮ ಎರಡೂ ಇವೆ. ಹಾಗಾಗಿ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬೇಕು. ಸುಮಾರು 40 ಪುಟ, ಪ್ರಕಟಣೆಗಳು, ಪ್ರವೇಶ ಅರ್ಜಿಯ ಪಿಡಿಎಫ್‌ಗಳು. ಈಗಿರೋದು ಡ್ರೂಪಲ್ 7 (ವರ್ಡ್‌ಪ್ರೆಸ್, ಜೂಮ್ಲಾ ಥರ ವೆಬ್‌ಸೈಟ್ ನಡೆಸೋ ತಂತ್ರಾಂಶ), ಅದರ ಬೆಂಬಲ 2025ರ ಜನವರಿ 5ಕ್ಕೇ ಮುಗಿದಿದೆ. ಶೇರ್ಡ್ ಹೋಸ್ಟಿಂಗ್ (ಹಲವು ಸೈಟ್‌ಗಳಿಗೆ ಒಂದೇ ಸರ್ವರ್), ಅದನ್ನು ನೋಡಿಕೊಳ್ಳೋಕೆ ಸಿಪ್ಯಾನೆಲ್ ಪುಟ ಇದೆ, ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರ್‌ಗೆ ಆದೇಶ ಟೈಪ್ ಮಾಡೋ ದಾರಿ) ಇಲ್ಲ. ಪ್ರಕಟಣೆ ಹಾಕೋರು ಆಫೀಸಿನ ಗುಮಾಸ್ತರು, ಟೈಪ್ ಮಾಡೋದು ಹಳೇ ನುಡಿ ತಂತ್ರಾಂಶದಲ್ಲಿ. ಡ್ರೂಪಲ್ 11ಕ್ಕೇ ಹೋಗೋದಾ, ಬೇರೆ ನೋಡೋದಾ?

ಭೀಮಾತೀರ_ಕಲಬುರಗಿ:
ಎಸ್‌ಎಸ್‌ಎಚ್ ಇಲ್ಲಂದ್ರ ಡ್ರೂಪಲ್ 11 ಬಿಡ್ರಿ. ಪಿಎಚ್‌ಪಿ 8.3 ಬೇಕು, ಅಪ್‌ಡೇಟ್ ಎಲ್ಲಾ ಕಂಪೋಸರ್ (ಬೇಕಾದ ಕೋಡ್ ತಂದು ಜೋಡಿಸೋ ಸಾಧನ) ಮ್ಯಾಲ ನಡೀತದ. ನಿಮ್ಮ ಕಂಪ್ಯೂಟರ್‌ನಾಗ ಕಂಪೋಸರ್ ಓಡಿಸಿ ಅದು ತಂದ ಕೋಡ್ ಇರೋ ವೆಂಡರ್ ಫೋಲ್ಡರ್ ಎಫ್‌ಟಿಪಿಲೆ (ಫೈಲ್ ಕಳಿಸೋ ದಾರಿ) ಸರ್ವರ್‌ಗೆ ಏರಿಸಬಹುದು, ಖರೆ. ಆದ್ರ ಸಾವಿರಾರು ಸಣ್ಣ ಫೈಲ್ ಇರ್ತಾವ, ನಡುವ ನೆಟ್ ಹೋತಂದ್ರ ಅರ್ಧ ಹಳೇದು ಅರ್ಧ ಹೊಸಾದು ಕುಂತು ಸೈಟ್ ಬಿಳಿ ಪರದೆ ಆಗ್ತದ. 7ರಿಂದ 11ಕ್ಕ ನೇರ ಅಪ್‌ಗ್ರೇಡ್ ಬ್ಯಾರೆ ಇಲ್ಲ, ಹೆಂಗೂ ಹೊಸದಾಗೇ ಕಟ್ಟಬೇಕು.

ನಿಮಗ ವರ್ಡ್‌ಪ್ರೆಸ್ ಜೊತಿಗಿ ಪಾಲಿಲ್ಯಾಂಗ್ (ಹಲವು ಭಾಷೆ ಕೊಡೋ ಪ್ಲಗಿನ್, ಅಂದ್ರ ಸೇರಿಸೋ ತುಣುಕು) ಸಾಕು, ಉಚಿತ ಆವೃತ್ತಿನೇ. ಒಂದೊಂದು ಭಾಷೆಗೂ ಬ್ಯಾರೆ ಮೆನು ಮಾಡ್ರಿ. ಪುಟದ ವಿಳಾಸ ಮಾತ್ರ ಕನ್ನಡದಾಗ ಇಡಬ್ಯಾಡ್ರಿ. ವರ್ಡ್‌ಪ್ರೆಸ್ ಅದಕ್ಕ 200 ಅಕ್ಷರದ ಜಾಗ ಇಟ್ಟದ. ಎನ್‌ಕೋಡ್ ಆದಾಗ ಕನ್ನಡದ ಒಂದೊಂದು ಸಂಕೇತ 9 ಅಕ್ಷರ ತಿಂತದ. ಒತ್ತು, ಗುಣಿತ, ಹಲಂತ ಎಲ್ಲಾ ಬ್ಯಾರೆ ಬ್ಯಾರೆ ಲೆಕ್ಕ. ಅಂದ್ರ 22ಕ್ಕ ಖಲಾಸ್, ಉದ್ದ ಶೀರ್ಷಿಕೆ ಪದದ ನಡುವೇ ಕಟ್ ಆಗ್ತದ. ವಾಟ್ಸಾಪ್‌ನಾಗ ಕಳಿಸಿದ್ರ ಬರೇ ಶೇಕಡಾ ಚಿಹ್ನಿ ಸಾಲು. ಪ್ರಕಟಿಸೋಕಿಂತ ಮೊದಲೇ ಇಂಗ್ಲಿಷ್ ಲಿಪಿಯಾಗ ಸಣ್ಣದೊಂದು ಹಾಕಿಬಿಡ್ರಿ. ಉಚಿತ ಪಾಲಿಲ್ಯಾಂಗ್‌ನಾಗ ಒಂದೇ ವಿಳಾಸ ಮೂರೂ ಭಾಷೆಗೆ ಕೊಡಾಕ ಬರಲ್ಲ, ಕೊನಿಗಿ ಭಾಷೆ ಗುರುತು ಸೇರಿಸ್ರಿ.

ತೊಗರಿ_ಹೊಲ:
ಬಹುಭಾಷೆಯನ್ನು ಪ್ಲಗಿನ್ ಮೇಲೆ ಬಿಡೋದು ನನಗೆ ಒಪ್ಪಿಗೆ ಇಲ್ಲ. ಅದನ್ನು ಮಾಡೋರು ಕೈಬಿಟ್ಟರೆ ಮೂರು ಭಾಷೆಯ ಕೊಂಡಿಯೂ ಹೋಯ್ತು. ಡ್ರೂಪಲ್, ಜೂಮ್ಲಾ ಎರಡರಲ್ಲೂ ಅದು ಮೂಲದಲ್ಲೇ ಇದೆ. ಜೂಮ್ಲಾ ಶೇರ್ಡ್ ಹೋಸ್ಟಿಂಗ್‌ನಲ್ಲೂ ಆರಾಮಾಗಿ ಓಡುತ್ತೆ, ಅಪ್‌ಡೇಟ್ ಅಡ್ಮಿನ್ ಪುಟದಿಂದಲೇ. ಜೂಮ್ಲಾ ಜೊತೆಗೇ ಬರುವ ಲ್ಯಾಂಗ್ವೇಜ್ ಫಿಲ್ಟರ್ ಪ್ಲಗಿನ್ ಆನ್ ಮಾಡೋ ಮೊದಲು ಪ್ರತಿ ಭಾಷೆಗೂ ಒಂದು ಹೋಮ್ ಮೆನು ಐಟಂ ಇಟ್ಟಿರಬೇಕು. ಅದು ಮರೆತರೆ ಆ ಭಾಷೆಯ ಮುಖಪುಟಕ್ಕೆ 404, ಅಂದರೆ ಪುಟ ಸಿಗಲಿಲ್ಲ ಅನ್ನೋ ದೋಷ ಬರಬಹುದು. ಆದರೆ ಗುಮಾಸ್ತರಿಗೆ ಕಲಿಸೋದು ವರ್ಡ್‌ಪ್ರೆಸ್ಸೇ ಸುಲಭ, ಅದನ್ನ ಅಲ್ಲಗಳೆಯಲ್ಲ.

ಕೋಟೆ_ಓಣಿ:
ನೀವು ಯಾವುದನ್ನೇ ಹಾಕಿ, ಮೊದಲು ನುಡಿಯ ಹಳೇ ಪಠ್ಯ ಸರಿಮಾಡಿ. ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಳಗಿರೋದು ಲ್ಯಾಟಿನ್ ಸಂಕೇತ, ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತೆ. ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು ನೋಡಿ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ಮೊದಲು. ಪರಿವರ್ತಕ ಸರಿಯಿಲ್ಲದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ಕಾರ್ಯ’ ಹೋಗಿ ‘ಕಾಯರ್’. ಈ ಎರಡನ್ನು ಹುಡುಕಿದರೆ ಪರಿವರ್ತಕ ಸರಿಯಿದೆಯಾ ಅಂತ ಗೊತ್ತಾಗುತ್ತೆ. 40 ಪುಟ ತಾನೇ, ಕೈಯಲ್ಲೇ ಹಾಕಿಸಿ. ಗುಮಾಸ್ತರಿಗೆ ಕೀಲಿಮಣೆ ಅದೇ ಇರಲಿ, ಯೂನಿಕೋಡ್‌ಗೆ ಬದಲಾಯಿಸಿಕೊಟ್ಟರೆ ಸಾಕು.

ಉರ್ದುಗೆ: ಬಲದಿಂದ ಎಡಕ್ಕೆ ಓದುವ ಸ್ಟೈಲ್‌ಶೀಟ್ (ಪುಟದ ರೂಪ ಹೇಳೋ ಫೈಲ್) ಇರೋ ಥೀಮ್ ಆರಿಸಿ. ಉರ್ದುವಿನ ನೋಟೋ ನಸ್ತಾಲೀಕ್ ಫಾಂಟ್‌ಗೆ ಸಾಲಿನ ಎತ್ತರ 2ಕ್ಕಿಂತ ಕಡಿಮೆ ಬೇಡ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಕನ್ನಡಕ್ಕೆ 1.7 ಸಾಕು. ಇನ್ನು ಫೋನ್ ನಂಬರ್. ಉರ್ದು ಸಾಲಿನೊಳಗೆ 08482 ಅಂತ ಬೀದರ್‌ನ ಕೋಡ್ ಬರೆದು, ಗೆರೆ ಹಾಕಿ ನಂಬರ್ ಬರೆದರೆ, ಕೋಡ್ ಹೋಗಿ ನಂಬರಿನ ಬಲಕ್ಕೆ ಕೂರುತ್ತೆ. ಅಷ್ಟು ಭಾಗಕ್ಕೆ ಎಡದಿಂದ ಬಲ ಅಂತ ದಿಕ್ಕು ಹೇಳಿಕೊಡಬೇಕು.

ಮಾಂಜ್ರಾ_ಬೀದರ್:
ಧನ್ಯವಾದ ಎಲ್ಲರಿಗೂ. ವರ್ಡ್‌ಪ್ರೆಸ್ಸೇ ಮಾಡ್ತೀವಿ. ಹಳೇ ಲಿಂಕ್‌ಗಳದ್ದೇನು?

ಭೀಮಾತೀರ_ಕಲಬುರಗಿ:
ಪಿಡಿಎಫ್ ಇರೋ ಡ್ರೂಪಲ್‌ನ ಫೈಲ್ಸ್ ಫೋಲ್ಡರ್ ಅದೇ ದಾರಿಯಾಗ ಇಡ್ರಿ, ಗೂಗಲ್‌ನಿಂದ ಬರೋರಿಗೆ ಸಿಗ್ತಾವ. ಒಳಗ ಪಿಎಚ್‌ಪಿ ಫೈಲ್ ಏನರ ಕುಂತದೇನು ನೋಡಿ ತೆಗೀರಿ, ಹಳೇ ಸೈಟ್ ಹ್ಯಾಕ್ ಆಗಿದ್ರ ಅಲ್ಲೇ ಅಡಗಿರ್ತಾವ. ಪುಟಗಳಿಗಿ ಎಚ್‌ಟಿಆಕ್ಸೆಸ್‌ (ಸರ್ವರ್‌ಗೆ ನಿಯಮ ಹೇಳೋ ಫೈಲ್) ಒಳಗ 301 ಹಾಕ್ರಿ, ಅಂದ್ರ ಹಳೇ ವಿಳಾಸಕ್ಕ ಬಂದೋರನ್ನ ಹೊಸಾ ಪುಟಕ್ಕ ಕಳಿಸೋ ಸೂಚನೆ. ಡೇಟಾಬೇಸ್, ಅಪ್‌ಲೋಡ್ಸ್ ಎರಡೂ ಬ್ಯಾಕಪ್ ತಗೊಂಡು ಸರ್ವರ್ ಹೊರಗ ಇಟ್ಟ ಮ್ಯಾಲೇ ಹಳೇದು ಅಳಿಸ್ರಿ.