ಸಹಾಯ ಬೇಕು: ನ್ಯೂಯಾರ್ಕ್‌ನ ‘ಲಂಗ್ ಬ್ಲಾಕ್’ ಕ್ಷಯ ಮರಣದರ

ಎಲ್ಲರಿಗೂ ನಮಸ್ಕಾರ. ಮ್ಯಾನ್‌ಹಟನ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ ಚೆರ್ರಿ ಬೀದಿಯ ಬಳಿಯಿದ್ದ ವಠಾರಗಳ ಗುಂಪಿಗೆ ಕ್ಷಯದ ಕಾಟದಿಂದಾಗಿ 1903ರ ಹೊತ್ತಿಗೆ ‘ಲಂಗ್ ಬ್ಲಾಕ್’ (ಶ್ವಾಸಕೋಶದ ಬ್ಲಾಕ್) ಎಂದೇ ಹೆಸರು ಬಿದ್ದಿತ್ತು. ಕಿಟಕಿಯಿಲ್ಲದ ಒಳಕೋಣೆಗಳು, ಕೆಮ್ಮುವವರ ಪಕ್ಕದಲ್ಲೇ ಮಲಗುವ ಮಕ್ಕಳು. ಓದುತ್ತಿದ್ದರೆ ಕರುಳು ಕಿವುಚುತ್ತದೆ.

ಅಲ್ಲಿನ ಕ್ಷಯ ಮರಣದರದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ, ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕಾಯಿಲೆ ಬಲಿತವರು ಎಷ್ಟೋ ಸಲ ಬೇರೆ ಕಡೆಯ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಿದ್ದರು. ಅವರನ್ನು ಬ್ಲಾಕಿನ ಸಾವುಗಳಲ್ಲಿ ಸೇರಿಸುವುದು ಹೇಗೆ? 1897ರಿಂದ ವೈದ್ಯರು ಕ್ಷಯರೋಗಿಗಳ ವರದಿ ಕೊಡುವುದು ಕಡ್ಡಾಯವಾಗಿತ್ತು, ಆದರೂ ಮುಚ್ಚಿಟ್ಟವರು ಕಡಿಮೆಯಿಲ್ಲ. ಜನಸಂಖ್ಯೆಗೆ 1900ರ ಜನಗಣತಿ ಹಿಡಿಯಲೇ, 1905ರ ರಾಜ್ಯ ಗಣತಿಯೇ? ಅಲ್ಲಿ ದುಡಿಯುವ ವಯಸ್ಸಿನ ವಲಸಿಗರೇ ಹೆಚ್ಚು. ವಯಸ್ಸಿಗೆ ತಕ್ಕಂತೆ ಹೊಂದಿಸದೆ ಇಡೀ ನಗರದ ದರದೊಂದಿಗೆ ಹೋಲಿಸಿದರೆ ತಪ್ಪಾಗುತ್ತದೆ ಅನ್ನಿಸುತ್ತಿದೆ.

ಸಾಂಖ್ಯಿಕ ಶಾಸ್ತ್ರ, ಸಾರ್ವಜನಿಕ ಆರೋಗ್ಯ ಓದಿದವರು ದಯವಿಟ್ಟು ದಾರಿ ತೋರಿಸಿ.